ಕನ್ನಡಿ ಮುಂದೆ ಕೂತವರ ಜೊತೆ ಏನು ಮಾತಾಡಬೇಕು?

ಬಾಗಲಕೋಟೆಯ ನವನಗರದಲ್ಲಿ, ಬ್ಯೂಟಿಷಿಯನ್ ಕೋರ್ಸ್ ಮುಗಿಸಿದ ಹೆಣ್ಣುಮಕ್ಕಳು ಮತ್ತು ಕಟಿಂಗ್ ಅಂಗಡಿ ನಡೆಸುವವರ ಮುಂದೆ ಆಡಿದ ಮಾತಿನ ಬರಹ ರೂಪ.

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕೂತ ಹುಡುಗಿಯರ ಬೆರಳು ನೋಡಿದರೆ ಸಾಕು, ಇವರಿಗೆ ಥ್ರೆಡಿಂಗ್ ಕೈಹತ್ತಿದೆ ಅಂತ ಗೊತ್ತಾಗುತ್ತದೆ. ತೋರುಬೆರಳ ಬದಿಯಲ್ಲಿ ದಾರ ಕೊರೆದ ಗೆರೆ ಕಾಣುತ್ತದೆ. ಕತ್ತರಿ ಹೇಗೆ ಹಿಡಿಯಬೇಕು, ವ್ಯಾಕ್ಸ್ ಎಷ್ಟು ಬಿಸಿ ಇರಬೇಕು, ಬ್ಲೀಚ್ ಎಷ್ಟು ಹೊತ್ತು ಬಿಡಬೇಕು, ಎಲ್ಲ ನಿಮಗೆ ಕಲಿಸಿದ್ದಾರೆ. ಒಂದನ್ನು ಮಾತ್ರ ಕಲಿಸಿರುವುದಿಲ್ಲ. ಗಿರಾಕಿ ಬಂದು ಕುರ್ಚಿಯಲ್ಲಿ ಕೂತ ಮೇಲೆ ಎದ್ದು ಹೋಗುವ ತನಕ ಅವರ ಜೊತೆ ಏನು ಮಾತಾಡಬೇಕು?

ನಮ್ಮ ಕಡೆ ಮಾತಿಗೇನೂ ಬರ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಹೊಲ ಎಷ್ಟು ಎಕರೆ, ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ, ಎಲ್ಲ ಇಳಿಯುವುದರೊಳಗೆ ಗೊತ್ತಾಗಿರುತ್ತದೆ. ಆದ್ದರಿಂದ ಹೇಗೆ ಮಾತು ಶುರು ಮಾಡುವುದು ಅಂತ ನಾನು ನಿಮಗೆ ಹೇಳಿಕೊಡಬೇಕಿಲ್ಲ. ಯಾವ ಮಾತು, ಯಾವಾಗ, ಯಾಕೆ, ಅದನ್ನು ಹೇಳಬೇಕು ಅಂತ ಬಂದಿದ್ದೇನೆ.

ಒಂದು ಸಲ ಯೋಚನೆ ಮಾಡಿ. ಮನೆಯಲ್ಲಿ ಹೆಣ್ಣುಮಕ್ಕಳು ಕನ್ನಡಿ ನೋಡುವುದು ಎಷ್ಟು ಹೊತ್ತು? ತಲೆ ಬಾಚಿ, ಕುಂಕುಮ ಇಟ್ಟು, ಸೆರಗು ಸರಿ ಮಾಡಿಕೊಂಡರೆ ಮುಗಿಯಿತು. ಒಲೆ ಮೇಲೆ ಏನೋ ಇರುತ್ತದೆ, ಬಾಗಿಲಲ್ಲಿ ಯಾರೋ ಕರೆಯುತ್ತಾರೆ. ಪಾರ್ಲರಿಗೆ ಬಂದರೆ ಒಂದು ಗಂಟೆ ಕನ್ನಡಿ ಮುಂದೆ ಕೂರಬೇಕು. ಅದೂ ಜೋರು ಬೆಳಕಿನ ಕೆಳಗೆ. ಒದ್ದೆ ಕೂದಲನ್ನು ಹಿಂದಕ್ಕೆ ಬಾಚಿರುತ್ತೇವೆ. ಕುತ್ತಿಗೆಗೆ ಬಟ್ಟೆ ಕಟ್ಟಿ ಮೈಯೆಲ್ಲ ಮುಚ್ಚಿರುತ್ತೇವೆ. ಮುಖ ಬಿಟ್ಟರೆ ನೋಡುವುದಕ್ಕೆ ಬೇರೇನೂ ಇಲ್ಲ. ಆ ಬೆಳಕಿನಲ್ಲಿ, ಆ ಬಟ್ಟೆಯಲ್ಲಿ ಯಾರೂ ಚೆನ್ನಾಗಿ ಕಾಣುವುದಿಲ್ಲ. ಕಣ್ಣ ಕೆಳಗಿನ ಕಪ್ಪು, ಕೆನ್ನೆ ಮೇಲಿನ ಕಲೆ, ಬೈತಲೆ ಹತ್ತಿರ ತೆಳ್ಳಗಾದ ಕೂದಲು, ಎಲ್ಲ ಅವರಿಗೇ ಕಾಣುತ್ತಿರುತ್ತದೆ.

ಸರಿಯಾಗಿ ಆ ಹೊತ್ತಿಗೆ ನಾವು ಬಾಯಿ ತೆಗೆಯುತ್ತೇವೆ.

"ಅಕ್ಕಾರ, ಭಾಳ ಟ್ಯಾನ್ ಆಗೇತ್ರಿ. ಡಿ-ಟ್ಯಾನ್ ಮಾಡ್ಲೇನು?" "ಕೂದಲ ಭಾಳ ಉದರಾಕತ್ತಾವಲ್ರಿ, ಏನ ಹಚ್ಚತೀರಿ?" "ಸ್ವಲ್ಪ ದಪ್ಪ ಆಗೀರಿ ಅಲ್ವಾ?"

ಇದನ್ನು ನಾವು ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ನಮ್ಮ ಕಣ್ಣು ಅದಕ್ಕೇ ಪಳಗಿರುತ್ತದೆ. ಯಾರ ಮುಖ ನೋಡಿದರೂ ಮೊದಲು ಹುಬ್ಬಿನ ಆಕಾರ ಕಾಣುತ್ತದೆ. ಕೆಲವು ಕಡೆ ಹಾಗೆ ಹೇಳು ಅಂತಲೇ ಕಲಿಸುತ್ತಾರೆ. ಕೊರತೆ ತೋರಿಸಿದರೆ ತಾನೇ ಪ್ಯಾಕೇಜ್ ಮಾರಾಟ ಆಗುವುದು? ಆದರೆ ಕೇಳುವವರ ಕಡೆಯಿಂದ ನೋಡಿ. ಕನ್ನಡಿ ಒಂದು ಕಡೆಯಿಂದ ಹೇಳುತ್ತಿದೆ, ನಾವು ಇನ್ನೊಂದು ಕಡೆಯಿಂದ ಹೇಳುತ್ತಿದ್ದೇವೆ. ಎದ್ದು ಹೋಗುವ ಹಾಗೂ ಇಲ್ಲ. ಅರ್ಧ ಹುಬ್ಬು ಆಗಿದೆ, ಇನ್ನರ್ಧ ಬಾಕಿ ಇದೆ.

ನಾನು ನಂಬಿರುವುದು ಇಷ್ಟು. ಪಾರ್ಲರಿನಲ್ಲಿ ಮಾತು ಇರಬೇಕಾದದ್ದೇ ಕೂತವರಿಗೆ ಸ್ವಲ್ಪ ಹೊತ್ತು ತಮ್ಮ ಮುಖ ಮರೆಯಲಿ ಅಂತ. ಕೈ ಮುಖದ ಕೆಲಸ ಮಾಡುತ್ತಿರಲಿ, ಮಾತು ಅವರನ್ನು ಬೇರೆ ಕಡೆ ಕರೆದುಕೊಂಡು ಹೋಗಲಿ. ಇವತ್ತು ನಾನು ಹೇಳುವ ಬೇರೆ ಮಾತೆಲ್ಲ ಇದರಿಂದಲೇ ಹುಟ್ಟಿದ್ದು.

ಒಂದು ಹುಡುಗಿಯ ವಿಷಯ ಹೇಳುತ್ತೇನೆ. ಮರುದಿನ ನೋಡಲು ಬರುತ್ತಾರೆ ಅಂತ ತಾಯಿ ಕರೆದುಕೊಂಡು ಬಂದಿದ್ದರು. ಡಿಗ್ರಿ ಕೊನೆಯ ವರ್ಷ ಓದುತ್ತಿದ್ದ ಹುಡುಗಿ. ತಾಯಿ ಬೆಂಚಿನ ಮೇಲೆ ಕೂತು ಒಂದೇ ಸಮ ಹೇಳುತ್ತಿದ್ದರು. "ಸ್ವಲ್ಪ ಬೆಳ್ಳಗ ಕಾಣೂಹಂಗ ಮಾಡ್ರಿ. ಅಕ್ಕ ಬೆಳ್ಳಗದಾಳ, ಇಕಿ ಹಿಂಗ. ಸಣ್ಣಾಕಿದ್ದಾಗ ಬಿಸಲಾಗ ಭಾಳ ಆಡ್ಯಾಳ." ಹುಡುಗಿ ಕನ್ನಡಿ ನೋಡಲಿಲ್ಲ. ಕಣ್ಣು ಕೆಳಗೆ. ಬಟ್ಟೆಯ ಕೆಳಗೆ ಎರಡು ಕೈ ಒಂದನ್ನೊಂದು ಗಟ್ಟಿಯಾಗಿ ಹಿಡಿದಿದ್ದು ನನಗೆ ಕಾಣುತ್ತಿತ್ತು. ನಮ್ಮ ಹುಡುಗಿ ಒಬ್ಬಳು ಅವಳ ಮುಖಕ್ಕೆ ಕ್ರೀಮು ಹಚ್ಚುತ್ತ ಸಹಜವಾಗಿ ಕೇಳಿದಳು, "ಕಾಲೇಜಿಗೆ ಹೆಂಗ ಹೋಗ್ತಿ? ಬಸ್ಸಿಗೋ, ಗಾಡಿ ಐತೋ?" ಅಷ್ಟೇ. ಗಾಡಿ ಇತ್ತು. ಆ ಗಾಡಿಯನ್ನು ತಾನೇ ಕಲಿತದ್ದು, ಗದ್ದನಕೇರಿ ಕ್ರಾಸಿನ ತನಕ ಒಬ್ಬಳೇ ಹೋಗಿ ಬಂದದ್ದು, ತಮ್ಮನನ್ನು ಹಿಂದೆ ಕೂರಿಸಿಕೊಂಡು ಬಾದಾಮಿಗೆ ಹೋದದ್ದು, ಒಂದೊಂದೇ ಹೊರಗೆ ಬಂತು. ತಾಯಿಗೆ ಬಾದಾಮಿಯ ವಿಷಯ ಗೊತ್ತಿರಲಿಲ್ಲ. "ಯಾವಾಗ ಹೋಗಿದ್ದೆವ್ವಾ?" ಅಂದರು. ಬೈಯಲಿಲ್ಲ, ನಕ್ಕರು. ಆಮೇಲೆ ಬಣ್ಣದ ಮಾತು ನಿಂತಿತು. ಹುಡುಗಿ ತಲೆ ಎತ್ತಿ ಕನ್ನಡಿ ನೋಡಿದಳು.

2020ರಲ್ಲಿ ಫೇರ್ ಅಂಡ್ ಲವ್ಲಿ ಕ್ರೀಮಿನ ಹೆಸರಿನಿಂದಲೇ ಫೇರ್ ಅನ್ನುವುದನ್ನು ತೆಗೆದುಹಾಕಿದರು. ಈಗ ಅದು ಗ್ಲೋ ಅಂಡ್ ಲವ್ಲಿ. ಕಂಪನಿ ಬಿಟ್ಟ ಮಾತನ್ನು ನಾವು ಮಾತ್ರ ಇನ್ನೂ ಹಿಡಿದುಕೊಂಡು ಕೂತಿದ್ದೇವೆ. ನಮ್ಮದು ಬಿಸಿಲಿನ ನಾಡು. ಕಬ್ಬು ಕಡಿಯುವವರು, ಮೆಕ್ಕೆಜೋಳ ಬಿಡಿಸುವವರು, ದಿನಾ ಸ್ಕೂಟಿ ಮೇಲೆ ಶಾಲೆಗೆ ಹೋಗುವ ಟೀಚರುಗಳು, ಎಲ್ಲರ ಮೈಗೂ ಬಿಸಿಲು ತಾಗುತ್ತದೆ. ಬಿಸಿಲಿನಿಂದ ಚರ್ಮ ತನ್ನನ್ನು ಕಾಪಾಡಿಕೊಳ್ಳುವುದಕ್ಕೆ ಬಣ್ಣ ತಂದುಕೊಳ್ಳುತ್ತದೆ. ಅದನ್ನು ಕೊಳೆ ಅನ್ನುವ ಹಾಗೆ ಹೇಳಬೇಡಿ, ದಯವಿಟ್ಟು.

ಹಾಗಾದರೆ ಯಾವ ಮಾತು? ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆಯುವುದು ಊರಿನ ಮಾತು. ಬಾಗಲಕೋಟೆಯಲ್ಲಂತೂ ಇದಕ್ಕೆ ಕೊರತೆಯೇ ಇಲ್ಲ.

ನಾವು ಈಗ ಕೂತಿರುವ ಈ ನವನಗರವನ್ನೇ ತಗೊಳ್ಳಿ. ಆಲಮಟ್ಟಿಯ ಹಿನ್ನೀರು ಬಂದು ಹಳೇ ಊರಿನ ಎಷ್ಟೋ ಭಾಗ ಹೋಯಿತು ಅಂತಲೇ ಇದು ಹುಟ್ಟಿದ್ದು. ಇಲ್ಲಿ ವಿಳಾಸ ಕೇಳಿದರೆ ಓಣಿಯ ಹೆಸರು ಬರುವುದಿಲ್ಲ, ಸೆಕ್ಟರ್ ನಂಬರ್ ಬರುತ್ತದೆ. ನಲವತ್ತು ದಾಟಿದ ಯಾರೇ ಕುರ್ಚಿಯಲ್ಲಿ ಕೂತರೂ ಅವರ ಹಿಂದೆ ಇನ್ನೊಂದು ಮನೆ ಇರಬಹುದು. ಹೇರ್ ಕಲರ್ ಮಾಡಿಸಿಕೊಳ್ಳಲು ಬರುತ್ತಿದ್ದ ಒಬ್ಬ ಅಮ್ಮ ಇದ್ದರು. ಮಾತು ಕಡಿಮೆ. "ಹ್ಞೂಂ", "ಹೌದು" ಅಷ್ಟೇ. ಒಂದು ದಿನ "ಅಮ್ಮಾರ, ನಿಮ್ಮ ಮೂಲ ಊರು ಯಾವುದ್ರಿ?" ಅಂತ ಕೇಳಿದೆ. ಮುಳುಗಡೆ ಆದ ಒಂದು ಹಳ್ಳಿಯ ಹೆಸರು ಹೇಳಿದರು. ಬಣ್ಣ ಹಚ್ಚಿ ಬಿಟ್ಟಿದ್ದೆ, ಮುಕ್ಕಾಲು ಗಂಟೆ ಕಾಯಬೇಕಿತ್ತು. ಆ ಹೊತ್ತಿನಲ್ಲಿ ಅವರು ಆ ಊರನ್ನು ಪೂರಾ ನಡೆದು ತೋರಿಸಿದರು. ಅಗಸಿ ದಾಟಿದರೆ ಬಲಕ್ಕೆ ಹನುಮಪ್ಪನ ಗುಡಿ. ಗುಡಿ ಮುಂದೆ ಬೇವಿನ ಗಿಡ, ಅದರ ಕಟ್ಟೆ. ಅಲ್ಲಿಂದ ಮೂರನೇ ಮನೆ ಇವರದು. ಕಾಳು ತುಂಬಿಡುವ ಹಗೇವು ಎಲ್ಲಿತ್ತು, ದನದ ಕೊಟ್ಟಿಗೆ ಎಲ್ಲಿತ್ತು, ಬಾಣಂತಿ ಕೋಣೆಯ ಕಿಟಕಿಯಿಂದ ಹೊಳೆ ಹೇಗೆ ಕಾಣುತ್ತಿತ್ತು. ಬಟ್ಟೆಯ ಕೆಳಗಿಂದ ಕೈ ಹೊರಗೆ ತೆಗೆದು ಗಾಳಿಯಲ್ಲಿ ಓಣಿ ಬರೆದು ತೋರಿಸಿದರು. "ಬ್ಯಾಸಗಿಯೊಳಗ ನೀರು ಇಳದಾಗ ಕಟ್ಟಿ ಕಾಣತೈತಿ. ನನ್ನ ಮಗಗ ಕರಕೊಂಡು ಹೋಗಿ ತೋರಿಸೇನಿ" ಅಂದರು. ಪಕ್ಕದ ಕುರ್ಚಿಯಲ್ಲಿ ಪೆಡಿಕ್ಯೂರ್ ಮಾಡಿಸಿಕೊಳ್ಳುತ್ತಿದ್ದ ಇನ್ನೊಬ್ಬರು ತಲೆ ತಿರುಗಿಸಿ, "ನಮ್ಮದೂ ಮುಳುಗೇತ್ರಿ" ಅಂದರು. ಇಬ್ಬರೂ ಬೇರೆ ಬೇರೆ ಹಳ್ಳಿಯವರು, ಆದರೆ ಹೋಗುತ್ತಿದ್ದ ಸಂತೆ ಒಂದೇ. ಆ ದಿನ ನಾನು ಹೆಚ್ಚು ಮಾತಾಡಲೇ ಇಲ್ಲ. ಮಾತಾಡುವ ಅಗತ್ಯವೂ ಇರಲಿಲ್ಲ.

ಇದನ್ನು ಕೇಳಿ ಎಲ್ಲರಿಗೂ ಮುಳುಗಡೆ ಬಗ್ಗೆ ಕೇಳಲು ಹೊರಡಬೇಡಿ. ಕೆಲವರಿಗೆ ಅದು ಇನ್ನೂ ಹಸಿ ಗಾಯ. ಪರಿಹಾರದ ಕೇಸು ಕೋರ್ಟಿನಲ್ಲಿ ಇರುತ್ತದೆ, ಅಣ್ಣತಮ್ಮಂದಿರ ನಡುವೆ ಜಗಳ ಇರುತ್ತದೆ. ಊರು ಯಾವುದು ಅಂತ ಕೇಳಿ, ಅವರು ಎಷ್ಟು ದೂರ ಹೋಗುತ್ತಾರೋ ಅಷ್ಟೇ ಹೋಗಿ.

ವರ್ಷದ ಒಂದೊಂದು ಕಾಲಕ್ಕೂ ಒಂದೊಂದು ಮಾತು ತಾನಾಗಿಯೇ ಬರುತ್ತದೆ. ಜುಲೈ, ಆಗಸ್ಟಿನಲ್ಲಿ ಡ್ಯಾಮಿಗೆ ಎಷ್ಟು ನೀರು ಬಂತು ಅನ್ನುವುದು. ಪೂರ್ತಿ ತುಂಬಿದರೆ 519.60 ಮೀಟರ್ ಅಂತ ಇಲ್ಲಿನ ಶಾಲೆ ಮಕ್ಕಳಿಗೂ ಗೊತ್ತು. 524 ಮಾಡುತ್ತಾರಂತೆ, ಆಗ ಇನ್ನೂ ಎಷ್ಟು ಊರು ಹೋಗುತ್ತವೆ ಅನ್ನುವ ಚರ್ಚೆ ಕಟಿಂಗ್ ಅಂಗಡಿಗಳಲ್ಲಿ ಎಷ್ಟೋ ವರ್ಷದಿಂದ ನಡೆದಿದೆ. 2019ರ ಆಗಸ್ಟಿನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ಉಕ್ಕಿದಾಗ ಬಂದವರಿಗೆಲ್ಲ ಮೊದಲು ಕೇಳಬೇಕಾದ ಮಾತು ಒಂದೇ ಇತ್ತು, "ಮನೀ ಕಡೆ ಎಲ್ಲಾ ಆರಾಮ ಅದಾರೇನ್ರಿ?" ಚಳಿಗಾಲ ಬಂತಂದರೆ ಕಬ್ಬು. ಮುಧೋಳ, ಜಮಖಂಡಿ ಕಡೆಯವರಾದರೆ ಫ್ಯಾಕ್ಟರಿ ಶುರುವಾಯಿತಾ, ಕಬ್ಬು ಕಡಿಯುವ ಗ್ಯಾಂಗು ಬಂತಾ ಅಂತ ಕೇಳಿದರೆ ಸಾಕು. ಜನವರಿಯಲ್ಲಿ ಬನದ ಹುಣ್ಣಿಮೆ, ಬಾದಾಮಿ ಬನಶಂಕರಿ ಜಾತ್ರೆ. ಅಲ್ಲಿಗೆ ನಾಟಕ ಕಂಪನಿಗಳು ಬಂದು ಟೆಂಟು ಹಾಕುತ್ತವೆ. "ಯಾವ ನಾಟಕ ನೋಡಿದ್ರಿ?" ಅಂತ ಕೇಳಿ ನೋಡಿ. ಎಂಥ ಬಿಗಿ ಮುಖವೂ ಸಡಿಲ ಆಗುತ್ತದೆ. ಮಾರ್ಚಿನಲ್ಲಿ ನಮ್ಮ ಹೋಳಿ. ಬಣ್ಣದ ಬಂಡಿ, ಹಲಗಿ ಮಜಲು. ಆ ವಾರ ಪಾರ್ಲರಿಗೆ ಬರುವವರ ತಲೆಯಲ್ಲಿ ಗುಲಾಬಿ ಬಣ್ಣ ಇನ್ನೂ ಇರುತ್ತದೆ. ತೊಳೆಯುತ್ತ ತೊಳೆಯುತ್ತ ಯಾರು ಎರಚಿದರು ಅನ್ನುವ ಕತೆ ಬರುತ್ತದೆ. ಮುಂದಿನ ಸಲ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಅಂತ ಅಲ್ಲೇ ಹೇಳಿಬಿಡಬಹುದು.

ಮದುವೆ ಸೀಜನ್ನಿನಲ್ಲಿ ಸೀರೆ. ಇಳಕಲ್ ಸೀರೆಯ ಟೋಪ್ ತೆನಿ ಸೆರಗಿನ ಬಗ್ಗೆ, ಗುಳೇದಗುಡ್ಡದ ಖಣದ ಬಗ್ಗೆ ಮಾತಾಡದ ಹೆಂಗಸರನ್ನು ನಾನು ಈ ಜಿಲ್ಲೆಯಲ್ಲಿ ಅಷ್ಟಾಗಿ ನೋಡಿಲ್ಲ. ಅಜ್ಜಿಯ ಸೀರೆ ಇನ್ನೂ ಪೆಟ್ಟಿಗೆಯಲ್ಲಿದೆ ಅಂತ ಒಬ್ಬರು ಹೇಳಿದರೆ ಇನ್ನೊಬ್ಬರು ನಮ್ಮದೂ ಇದೆ ಅನ್ನುತ್ತಾರೆ. ನೋಡಿ, ಇದು ಕೂಡ ಅಂದಚಂದದ ಮಾತೇ. ಆದರೆ ಇದರಲ್ಲಿ ಯಾರ ಮುಖಕ್ಕೂ ಮಾರ್ಕ್ಸ್ ಹಾಕುವುದಿಲ್ಲ.

ಕೇಳಬಾರದ್ದು ಯಾವುದು ಅಂತ ನಿಮಗೇ ಗೊತ್ತು. ಮದುವೆ ಯಾವಾಗ, ಮಕ್ಕಳು ಯಾಕೆ ಆಗಿಲ್ಲ, ಗಂಡ ಏನು ಮಾಡುತ್ತಾನೆ, ಅಡ್ಡಹೆಸರು ಏನು. ಕೊನೆಯದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಕಡೆ ಅಡ್ಡಹೆಸರು ಕೇಳುವುದು ಬಹಳ ಸಲ ಜಾತಿ ಕೇಳುವ ದಾರಿ. ಕುರ್ಚಿಯಲ್ಲಿ ಕೂತವರಿಗೆ ಅದು ತಕ್ಷಣ ತಿಳಿಯುತ್ತದೆ.

ಇನ್ನು ಯಾವಾಗ ಮಾತಾಡಬೇಕು ಅನ್ನುವುದು. ಇದನ್ನು ಬಹಳ ಮಟ್ಟಿಗೆ ಕೆಲಸವೇ ಹೇಳಿಕೊಡುತ್ತದೆ. ಥ್ರೆಡಿಂಗಿನಲ್ಲಿ ದಾರದ ಒಂದು ತುದಿ ನಮ್ಮ ಹಲ್ಲಿನಲ್ಲಿ. ಅವರ ಎರಡೂ ಕೈ ಹುಬ್ಬಿನ ಮೇಲೆ ಕೆಳಗೆ ಚರ್ಮ ಬಿಗಿ ಹಿಡಿದಿರುತ್ತವೆ. ಅವರೂ ಮಾತಾಡುವ ಹಾಗಿಲ್ಲ, ನಾವೂ ಮಾತಾಡುವ ಹಾಗಿಲ್ಲ. ಮೇಲ್ದುಟಿಗೆ ಬಂದಾಗಲಂತೂ ಒಂದು ನಗು ಬಂದರೂ ದಾರ ತಪ್ಪುತ್ತದೆ. ಗಂಡಸರ ಕಡೆ, ಕತ್ತಿ ಗಂಟಲ ಮೇಲೆ ಇದ್ದಾಗ ಒಳ್ಳೆಯ ಕೆಲಸಗಾರ ತಾನೂ ಮಾತು ನಿಲ್ಲಿಸುತ್ತಾನೆ, ಗಿರಾಕಿಯ ಬಾಯಿಂದಲೂ ಮಾತು ಬರದ ಹಾಗೆ ನೋಡಿಕೊಳ್ಳುತ್ತಾನೆ. ಡ್ರೈಯರ್ ಹಾಕಿದಾಗ ಏನು ಹೇಳಿದರೂ ಕೂಗಬೇಕಾಗುತ್ತದೆ, ಸುಮ್ನೆ ಇರಿ. ಫೇಸ್ ಪ್ಯಾಕ್ ಹಾಕಿದ ಮೇಲೆ ಪ್ರಶ್ನೆ ಕೇಳಿದರೆ ಅವರು ಉತ್ತರ ಕೊಡಲು ಹೋಗಿ ಪ್ಯಾಕು ಬಿರಿಯುತ್ತದೆ. ಅದು ಅವರ ನಿದ್ದೆಯ ಹೊತ್ತು. ಮನೆಯಲ್ಲಿ ಸಿಗದ ಹತ್ತು ನಿಮಿಷದ ನಿದ್ದೆ ಇಲ್ಲಿ ಸಿಗುತ್ತದೆ ಅಂತ ಬರುವವರೂ ಇದ್ದಾರೆ. ಫ್ಯಾನು ಸ್ವಲ್ಪ ಕಡಿಮೆ ಮಾಡಿ, ಫೋನು ಸೈಲೆಂಟಿಗೆ ಹಾಕಿ, ಪಕ್ಕದವರ ಜೊತೆಯೂ ಗಟ್ಟಿಯಾಗಿ ಮಾತಾಡಬೇಡಿ.

ಬಣ್ಣ ಹಚ್ಚಿ ಕಾಯುವ ಹೊತ್ತು, ಮೆಹೆಂದಿ, ಪೆಡಿಕ್ಯೂರ್, ಇವು ಮಾತಿನ ಹೊತ್ತು. ತಲೆ ತೊಳೆಯುವ ಬೇಸಿನ್ನಿನ ವಿಷಯ ಮಾತ್ರ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಕೆಲವರಿಗೆ ಮಾತೇ ಬೇಡ. ಇದರಲ್ಲಿ ತಪ್ಪೇನಿಲ್ಲ. ಇದು ಇವತ್ತಿನ ಕತೆಯೂ ಅಲ್ಲ. ಮ್ಯಾಸಿಡೋನಿಯಾದ ಅರ್ಕೆಲೌಸ್ ಅನ್ನುವ ರಾಜನಿಗೆ ಕ್ಷೌರಿಕ "ಹೇಗೆ ಮಾಡಲಿ?" ಅಂತ ಕೇಳಿದನಂತೆ. ರಾಜ, "ಮಾತಾಡದೆ ಮಾಡು" ಅಂದನಂತೆ. ಅವನು ಇದ್ದದ್ದು ಸುಮಾರು 2400 ವರ್ಷದ ಹಿಂದೆ. ಬ್ರಿಟನ್ನಿನ ಕಾರ್ಡಿಫ್ ಊರಿನ ಒಂದು ಸಲೂನು 2015ರಲ್ಲಿ ಮಾತಿಲ್ಲದ ಕುರ್ಚಿ ಅಂತಲೇ ಇಟ್ಟಿತು. ಅಲ್ಲಿ ಕೂತರೆ ಹೇಗೆ ಕತ್ತರಿಸಬೇಕು ಅನ್ನುವುದು ಬಿಟ್ಟು ಬೇರೇನೂ ಕೇಳುವುದಿಲ್ಲ. ನಮಗೆ ಬೇರೆ ಕುರ್ಚಿ ಬೇಡ, ಗಮನ ಇದ್ದರೆ ಸಾಕು. ಎರಡು ಮಾತು ಕೇಳಿ. ಎರಡಕ್ಕೂ "ಹ್ಞೂಂ" ಅಂತಷ್ಟೇ ಬಂದರೆ, ಕಣ್ಣು ಮುಚ್ಚಿಕೊಂಡರೆ, ಫೋನು ಕೈಗೆ ತಗೊಂಡರೆ, ಅಲ್ಲಿಗೆ ಬಿಟ್ಟುಬಿಡಿ. ಮೂರನೇದು ಕೇಳಬೇಡಿ. ಮುಖ ಸಪ್ಪೆ ಮಾಡಿಕೊಳ್ಳಲೂಬೇಡಿ. ಇವತ್ತು ಮಾತು ಬೇಡ ಅಂದವರಿಗೆ ಮುಂದಿನ ತಿಂಗಳು ಬೇಕಾಗಬಹುದು.

ಈಗ ಬಂದವರ ಮಾತನ್ನು ನಮ್ಮಲ್ಲಿ ಇಟ್ಟುಕೊಳ್ಳುವ ವಿಷಯ. ಇಲ್ಲಿ ಕಟಿಂಗ್ ಅಂಗಡಿಯ ಅಣ್ಣಂದಿರು ಕೂತಿದ್ದಾರೆ. ಇವರಲ್ಲಿ ಎಷ್ಟೋ ಜನರ ಅಂಗಡಿಯ ಗೋಡೆ ಮೇಲೆ ಹಡಪದ ಅಪ್ಪಣ್ಣನವರ ಫೋಟೊ ಇದೆ. ಅಪ್ಪಣ್ಣನವರು ನಮ್ಮ ಪಕ್ಕದ ವಿಜಯಪುರ ಜಿಲ್ಲೆಯವರು, ಬಸವನ ಬಾಗೇವಾಡಿ ಹತ್ತಿರದ ಮಸಬಿನಾಳದಲ್ಲಿ ಹುಟ್ಟಿದವರು ಅನ್ನುತ್ತಾರೆ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆ ಮೇಲೆ ಅವರ ಪೀಠ ಇದೆ. ಅವರೂ ವಚನ ಬರೆದರು, ಅವರ ಹೆಂಡತಿ ಲಿಂಗಮ್ಮನವರೂ ಬರೆದರು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರಿಗೆ ಬಹಳ ಹತ್ತಿರ ಇದ್ದವರು ಅವರು. ರಾಜ್ಯದ ಭಂಡಾರ ನೋಡಿಕೊಳ್ಳುತ್ತಿದ್ದವರ ಪಕ್ಕದಲ್ಲಿ ದಿನವೂ ಇರುವುದೆಂದರೆ ಎಷ್ಟು ಮಾತು ಕಿವಿಗೆ ಬಿದ್ದಿರಬೇಕು, ಯೋಚನೆ ಮಾಡಿ. ಅಷ್ಟು ಹತ್ತಿರ ಇಟ್ಟುಕೊಂಡದ್ದು ಎಂಥ ನಂಬಿಕೆಯಿಂದ! ಈ ಕೆಲಸ ಮಾಡುವವರಿಗೆ ಅದಕ್ಕಿಂತ ದೊಡ್ಡ ಹಿರಿಯರು ಬೇಕಾಗಿಲ್ಲ.

ಬಾಗಲಕೋಟೆ ದೊಡ್ಡ ಊರೇನಲ್ಲ. ಬೆಳಿಗ್ಗೆ ಒಬ್ಬರು ಸೊಸೆಯ ವಿಷಯ ಹೇಳಿ ಹೋಗುತ್ತಾರೆ. ಸಂಜೆ ಆ ಸೊಸೆಯೇ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಬೆಳಿಗ್ಗೆ ಕೇಳಿದ್ದರಲ್ಲಿ ಒಂದಕ್ಷರ ನಿಮ್ಮ ಮುಖದ ಮೇಲೆ ಕಾಣಬಾರದು. "ನಿಮ್ಮ ಅತ್ತಿಯವರು ಬಂದಿದ್ರು" ಅನ್ನುವುದೂ ಬೇಡ. ಅವರು ಬಂದದ್ದೇ ಯಾರಿಗೂ ಹೇಳದೆ ಇರಬಹುದು. ಒಬ್ಬರ ಮಾತು ಇನ್ನೊಬ್ಬರಿಗೆ ದಾಟಿಸುವ ಪಾರ್ಲರಿಗೆ ಜನ ಬರುತ್ತಾರೆ, ಚಾಡಿ ಕೇಳುವುದಕ್ಕೆ ಬರುತ್ತಾರೆ. ತಮ್ಮ ಮಾತು ಹೇಳುವುದಿಲ್ಲ.

ಮಾತಿನ ನೆಪದಲ್ಲೇ ಕೇಳಿ ತಿಳಿಯಬೇಕಾದ ಕೆಲವು ವಿಷಯ ಇವೆ. ಇವು ಮೈಯ ಮಾತೇ, ಆದರೆ ಕೊರತೆ ಹುಡುಕುವ ಮಾತಲ್ಲ. "ಹಿಂದ ಬಣ್ಣ ಹಚ್ಚಿದಾಗ ಕಡತಾ, ಉರಿ ಏನರ ಆಗಿತ್ತೇನ್ರಿ?" ಹೇರ್ ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಕೆಲವರ ಮೈಗೆ ಆಗುವುದಿಲ್ಲ. ಮುಖ ಊದಿಕೊಂಡು ಆಸ್ಪತ್ರೆ ಸೇರುವ ಮಟ್ಟಕ್ಕೂ ಹೋಗಬಹುದು. ಅದಕ್ಕೇ 48 ಗಂಟೆ ಮೊದಲು ಸ್ವಲ್ಪ ಹಚ್ಚಿ ನೋಡಬೇಕು. ಪೆಡಿಕ್ಯೂರಿಗೆ ಕೂತವರಿಗೆ ಶುಗರ್ ಇದೆಯಾ ಅಂತ ತಿಳಿದುಕೊಳ್ಳಿ. ಶುಗರ್ ಜಾಸ್ತಿ ದಿನದಿಂದ ಇದ್ದವರಿಗೆ ಪಾದದಲ್ಲಿ ನೋವು ಗೊತ್ತಾಗದೆ ಹೋಗಬಹುದು. ನೀರು ಬಿಸಿ ಜಾಸ್ತಿ ಇದ್ದರೂ ಅವರು "ಚಲೋ ಐತಿ" ಅನ್ನುತ್ತಾರೆ. ನೀವೇ ಕೈ ಇಟ್ಟು ನೋಡಬೇಕು. ಮೊಡವೆಗೆ ಡಾಕ್ಟರು ಐಸೊಟ್ರೆಟಿನಾಯಿನ್ ಮಾತ್ರೆ ಕೊಟ್ಟಿದ್ದರೆ ಮುಖಕ್ಕೆ ವ್ಯಾಕ್ಸ್ ಬೇಡ. ಮಾತ್ರೆ ಬಿಟ್ಟ ಮೇಲೂ ಆರು ತಿಂಗಳು ಕಾಯಬೇಕು. ಚರ್ಮವೇ ಕಿತ್ತು ಬರುತ್ತದೆ. ಇದನ್ನೆಲ್ಲ ಫಾರ್ಮು ತುಂಬಿಸಿ ಕೇಳಿದರೆ ಎಲ್ಲರೂ "ಏನೂ ಇಲ್ಲ" ಅಂತ ಬರೆಯುತ್ತಾರೆ. ಮಾತಿನ ನಡುವೆ ಕೇಳಿದರೆ ಹೇಳುತ್ತಾರೆ.

ಕುರ್ಚಿಯ ಮಾತಿಗೆ ಎಷ್ಟು ಶಕ್ತಿ ಇದೆ ಅಂತ ಅಮೆರಿಕದಲ್ಲಿ ಅಳೆದೇ ನೋಡಿದ್ದಾರೆ. ಲಾಸ್ ಏಂಜಲೀಸಿನ 52 ಕ್ಷೌರದ ಅಂಗಡಿಗಳಲ್ಲಿ, ಬಿ.ಪಿ. ಜಾಸ್ತಿ ಇದ್ದ 319 ಕಪ್ಪು ಗಂಡಸರ ಮೇಲೆ ನಡೆದ ಅಧ್ಯಯನ ಅದು, 2018ರಲ್ಲಿ ಪ್ರಕಟವಾಯಿತು. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು ಮಾತಾಡಿ ಒಪ್ಪಿಸಿದರು, ಔಷಧ ಕೊಡುವವರು ಅಂಗಡಿಗೇ ಬಂದರು. ಆರು ತಿಂಗಳಲ್ಲಿ ಮೇಲಿನ ಬಿ.ಪಿ. ಸರಾಸರಿ 27ರಷ್ಟು ಇಳಿಯಿತು. ಡಾಕ್ಟರ ಹತ್ತಿರ ಹೋಗಿ ಅಂತ ಕ್ಷೌರಿಕರು ಹೇಳಿ ಕಳಿಸಿದ ಕಡೆ ಇಳಿದದ್ದು 9ರಷ್ಟು. ಆಸ್ಪತ್ರೆಗೆ ಬಾರದ ಗಂಡಸರು ತಿಂಗಳಿಗೊಮ್ಮೆ ಕಟಿಂಗಿಗೆ ಬರುತ್ತಾರೆ. ನಮ್ಮಲ್ಲೂ ಹಾಗೇ ತಾನೆ?

ಈಗ ಬೇಸಿನ್ನಿನ ವಿಷಯ. ತಲೆ ತೊಳೆಯುವಾಗ ಅವರು ಹಿಂದಕ್ಕೆ ಒರಗಿರುತ್ತಾರೆ. ಕಣ್ಣು ಮುಚ್ಚಿರುತ್ತದೆ. ಎದುರಿಗೆ ಕನ್ನಡಿ ಇಲ್ಲ. ಬೆಚ್ಚಗಿನ ನೀರು, ತಲೆಯ ಮೇಲೆ ಒಬ್ಬರ ಕೈ. ನಲ್ಲಿಯ ಸದ್ದಿಗೆ ಬೆಂಚಿನ ಮೇಲೆ ಕೂತವರಿಗೆ ಏನೂ ಕೇಳುವುದಿಲ್ಲ. ಮನೆಯಲ್ಲಿ ಯಾರಿಗೂ ಹೇಳದ ಮಾತು ಅಲ್ಲಿ ಬರುತ್ತದೆ. ಕೂದಲು ಎತ್ತಿದಾಗ ಕಿವಿಯ ಹಿಂದೆ ಕಂದಿದ ಗುರುತು ನಮ್ಮ ಕಣ್ಣಿಗೇ ಬೀಳಬಹುದು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2017ರಿಂದ ಬ್ಯೂಟಿಷಿಯನ್ನರು ಮನೆಯೊಳಗಿನ ಹಿಂಸೆಯ ಬಗ್ಗೆ ಒಂದು ಗಂಟೆಯ ತರಬೇತಿ ಪಡೆಯಬೇಕು ಅಂತ ಕಾನೂನೇ ಇದೆ. ನಮಗೆ ಅಂಥ ಕಾನೂನಿಲ್ಲ. ಆದರೂ ಇಷ್ಟು ಮಾಡಬಹುದು. "ಇದೇನಾಗಿದೆ?" ಅಂತ ಗಟ್ಟಿಯಾಗಿ ಕೇಳಬೇಡಿ. ಅವರ ಜೊತೆ ಬಂದವರು ಯಾರು ಅಂತ ಮೊದಲು ನೋಡಿ. ಗಿರಾಕಿ ತಾವಾಗಿಯೇ ಹೇಳಿದರೆ ಕೇಳಿ. "ಎಲ್ಲಾರ ಮನ್ಯಾಗೂ ಇದ್ದದ್ದ" ಅನ್ನಬೇಡಿ, "ಬಿಟ್ಟುಬಿಡು ಅವನ್ನ" ಅಂತಲೂ ಅನ್ನಬೇಡಿ. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112. ಮನಸ್ಸಿನ ಕಷ್ಟಕ್ಕೆ 2022ರಲ್ಲಿ ಶುರುವಾದ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರುಗಳನ್ನು ಪಾರ್ಲರಿನ ಟಾಯ್ಲೆಟ್ಟಿನ ಬಾಗಿಲ ಒಳಗಡೆ ಬರೆದು ಹಚ್ಚಿ. ಅಲ್ಲಿ ಅವರು ಒಬ್ಬರೇ ಇರುತ್ತಾರೆ. ಚೀಟಿ ಕೈಗೆ ಕೊಟ್ಟರೆ ಮನೆಯಲ್ಲಿ ಸಿಕ್ಕಿಬೀಳಬಹುದು.

ಗಿರಾಕಿಗಳಾಗಿ ಬಂದವರೂ ಇಲ್ಲಿದ್ದೀರಿ, ನಿಮಗೆ ಸ್ವಲ್ಪವೇ ಹೇಳುತ್ತೇನೆ. ನಿಮ್ಮ ಹುಬ್ಬು ಮಾಡುವ ಹುಡುಗಿಯ ಹೆಸರು ತಿಳಿದುಕೊಳ್ಳಿ. ಮದುವೆ ಸೀಜನ್ನಿನಲ್ಲಿ ಅವಳು ನಸುಕಿನಲ್ಲಿ ಮದುಮಗಳ ಮನೆಗೆ ಹೋಗಿ, ಬಂದು, ಸಂಜೆ ತನಕ ನಿಂತೇ ಇರುತ್ತಾಳೆ. "ಊಟ ಆತೇನವಾ?" ಅಂತ ಒಂದು ಮಾತು ಕೇಳಿ. ಮಾತು ಬೇಡವಾದರೆ "ಇವತ್ತು ತಲಿನೋವು, ಸುಮ್ಮ ಕೂಡತೀನಿ" ಅಂದರೆ ಸಾಕು, ಯಾರಿಗೂ ಬೇಜಾರಾಗುವುದಿಲ್ಲ. ಕಟಿಂಗ್ ಇಷ್ಟ ಆಗದಿದ್ದರೆ ಅಲ್ಲೇ ಹೇಳಿ. ಹೊರಗೆ ಹೋಗಿ ಹೇಳಿದರೆ ಸರಿ ಮಾಡುವುದಕ್ಕೆ ಆಗುವುದಿಲ್ಲ.

ಕೊನೆಗೆ ಎರಡು ಪ್ರಶ್ನೆ ಬಂದವು, ಅವನ್ನೂ ಬರೆಯುತ್ತೇನೆ. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. "ಮೇಡಂ, ನೀವು ಹೇಳೋದು ಖರೆ. ಆದ್ರ ನಾನು ಕೆಲಸ ಮಾಡೋ ಕಡೆ ತಿಂಗಳಿಗೆ ಇಷ್ಟು ಫೇಶಿಯಲ್ ಮಾರಬೇಕು ಅಂತ ಟಾರ್ಗೆಟ್ ಐತ್ರಿ. ಮುಖದಾಗ ಏನೂ ತೋರಿಸದ ಹೆಂಗ ಮಾರೂದು?" ಇದು ಸುಲಭದ ಪ್ರಶ್ನೆ ಅಲ್ಲ. ಅವಳ ಸಂಬಳದ ಪ್ರಶ್ನೆ. ನಾನು ಹೇಳಿದ್ದು ಹೀಗೆ. ಕಾಯುತ್ತ ಕೂತಾಗಲೇ ರೇಟ್ ಕಾರ್ಡ್ ಅವರ ಕೈಗೆ ಕೊಡು. "ಇವತ್ತು ಏನ ಮಾಡಸೂಣ್ರಿ?" ಅಂತ ಒಂದು ಸಲ ಕೇಳು. ಅವರು ಒಂದರ ಬಗ್ಗೆ ಕೇಳಿದರೆ ಅದರಲ್ಲಿ ಏನು ಮಾಡುತ್ತೇವೆ, ಎಷ್ಟು ಹೊತ್ತು, ಎಷ್ಟು ದಿನ ಇರುತ್ತದೆ, ಎಷ್ಟು ದುಡ್ಡು, ನಿಜ ಹೇಳು. ಅವರ ಮುಖ ಹೇಗಿದೆ ಅಂತ ಹೇಳಬೇಡ, ಅವರೇ ಕೇಳಿದರೆ ಮಾತ್ರ ಹೇಳು. ಮಾಲೀಕರು ಒಪ್ಪದಿದ್ದರೆ ಮೂರು ತಿಂಗಳು ರಿಜಿಸ್ಟರಿನಲ್ಲಿ ಬರೆದಿಡು, ನಿನ್ನ ಕುರ್ಚಿಗೆ ಯಾರು ಯಾರು ತಿರುಗಿ ಬಂದರು ಅಂತ. ಆ ಪುಸ್ತಕ ಅವರ ಮುಂದೆ ಇಟ್ಟು ಮಾತಾಡು. ಆಗಲೂ ಒಪ್ಪದಿದ್ದರೆ, ಕೈಕೆಲಸ ನಿನ್ನದು, ಬೇರೆ ಕಡೆ ಕೇಳು.

ಇನ್ನೊಂದು ಪ್ರಶ್ನೆ ಸಲೂನ್ ನಡೆಸುವ ಒಬ್ಬರದು. ಅವರ ಅಂಗಡಿಯ ಹುಡುಗರು ಉತ್ತರ ಪ್ರದೇಶದವರು, ಕನ್ನಡ ಬರುವುದಿಲ್ಲ, ವಯಸ್ಸಾದ ಗಿರಾಕಿಗಳು ಬೇಜಾರು ಮಾಡಿಕೊಳ್ಳುತ್ತಾರಂತೆ. ಅವರಿಗೆ ಹೇಳಿದೆ, ಮೊದಲು ನಾಲ್ಕು ಮಾತು ಕಲಿಸಿ. "ಬರ್ರಿ, ಕೂಡ್ರಿ." "ಎಷ್ಟ ಸಣ್ಣ ಮಾಡ್ಲಿ?" "ನೋವಾತೇನ್ರಿ?" "ಯಾವ ಊರ್ರಿ?" ನಾಲ್ಕನೆಯದನ್ನು ಅವರು ಕೇಳಲಿ, ಗಿರಾಕಿಗಳೂ ಅವರಿಗೆ ಕೇಳಲಿ. ಅವರೂ ಮನೆ ಬಿಟ್ಟು ಇಷ್ಟು ದೂರ ಬಂದವರು, ಹೇಳುವುದಕ್ಕೆ ಅವರ ಹತ್ತಿರವೂ ಒಂದು ಊರಿದೆ.